ಹಾಸುಹೊಕ್ಕಿನ ಗೋಡೆಗಳು: ಫ್ಲಾರಿಡಾ ಸದರ್ನ್ ಕಾಲೇಜಿನ ಕಟ್ಟಡಗಳ ಇತಿಹಾಸ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ, ಟ್ಯಾಂಪಾ ಮತ್ತು ಒರ್ಲ್ಯಾಂಡೊ ನಗರಗಳ ನಡುವಿನ ಲೇಕ್‌ಲ್ಯಾಂಡ್ ಎಂಬ ಊರಿನಲ್ಲಿ, ಹಾಲಿಂಗ್ಸ್‌ವರ್ತ್ ಸರೋವರದ ಉತ್ತರ ದಡದ ಇಳಿಜಾರಿನ ಮೇಲೆ ಹರಡಿಕೊಂಡಿರುವ ಫ್ಲಾರಿಡಾ ಸದರ್ನ್ ಕಾಲೇಜು ಗಾತ್ರದಲ್ಲಿ ದೊಡ್ಡ ಸಂಸ್ಥೆಯಲ್ಲ. ಮೆಥಡಿಸ್ಟ್ ಚರ್ಚಿನ ಆಶ್ರಯದಲ್ಲಿ ಬೆಳೆದ ಇದು ಅಮೆರಿಕನ್ನರು ಲಿಬರಲ್ ಆರ್ಟ್ಸ್ ಕಾಲೇಜು ಎಂದು ಕರೆಯುವ ಬಗೆಯ ವಿದ್ಯಾಲಯ. ಎಂದರೆ ವಿದ್ಯಾರ್ಥಿಯನ್ನು ಒಂದೇ ವೃತ್ತಿಗೆ ಅಣಿಗೊಳಿಸುವುದಕ್ಕಿಂತ ಸಾಹಿತ್ಯ, ತತ್ತ್ವಶಾಸ್ತ್ರ, ವಿಜ್ಞಾನ, ಕಲೆಗಳನ್ನು ಜೊತೆಜೊತೆಯಾಗಿ ಕಲಿಸುವುದಕ್ಕೆ ಒತ್ತು ಕೊಡುವ, ವಿದ್ಯಾರ್ಥಿಗಳಲ್ಲಿ ಬಹುಮಂದಿ ಆವರಣದಲ್ಲೇ ವಾಸಿಸುವ ಸಣ್ಣ ಪದವಿ ಕಾಲೇಜು. ಇಪ್ಪತ್ತನೆಯ ಶತಮಾನದ ಬಹು ದೊಡ್ಡ ವಾಸ್ತುಶಿಲ್ಪಿಗಳಲ್ಲಿ ಒಬ್ಬನಾದ ಫ್ರಾಂಕ್ ಲಾಯ್ಡ್ ರೈಟ್ ಈ ಆವರಣಕ್ಕಾಗಿ 18 ಕಟ್ಟಡಗಳನ್ನು ಯೋಜಿಸಿದನು. ಅವುಗಳಲ್ಲಿ ಸಾಮಾನ್ಯ ಎಣಿಕೆಯಂತೆ 12 ನಿರ್ಮಾಣಗಳು 1938ರಿಂದ 1958ರವರೆಗಿನ ಎರಡು ದಶಕಗಳಲ್ಲಿ ಮೇಲೆದ್ದವು. ಜಗತ್ತಿನಲ್ಲಿ ರೈಟನ ಇಷ್ಟು ಕೃತಿಗಳು ಒಂದೇ ನಿವೇಶನದಲ್ಲಿ ಕೂಡಿರುವ ಸ್ಥಳ ಬೇರೊಂದಿಲ್ಲ. ಆದರೆ ಈ ಆವರಣದ ಇತಿಹಾಸವನ್ನು ಅವನೊಬ್ಬನ ಪ್ರತಿಭೆಯ ಕಥೆಯಾಗಿ ಬರೆದರೆ ಅರ್ಧವಷ್ಟೇ ಬರೆದಂತಾಗುತ್ತದೆ, ಏಕೆಂದರೆ ಈ ಗೋಡೆಗಳಲ್ಲಿ ಹಲವನ್ನು ಅಚ್ಚು ಹಾಕಿ, ಹೊತ್ತು, ಕಟ್ಟಿದವರು ಶುಲ್ಕ ಕಟ್ಟಲು ಹಣವಿಲ್ಲದ ವಿದ್ಯಾರ್ಥಿಗಳು. ಕಟ್ಟಡಗಳ ಚೆಲುವಿನಲ್ಲೂ ಅವುಗಳ ನಂತರದ ಕಷ್ಟದಲ್ಲೂ ಆ ಸಂಗತಿಗೆ ಪಾಲಿದೆ.

ಕಾಲೇಜಿಗೆ ನೆಲೆಯೆಂಬುದು ತಡವಾಗಿ ದೊರೆಯಿತು. ತನ್ನ ಮೂಲವನ್ನು 1883ರಲ್ಲಿ ಒರ್ಲ್ಯಾಂಡೊದಲ್ಲಿ ಆರಂಭವಾದ ಪುಟ್ಟ ಶಾಲೆಯೊಂದರಲ್ಲಿ ಗುರುತಿಸಿಕೊಳ್ಳುವ ಈ ಸಂಸ್ಥೆ ಮುಂದೆ ಲೀಸ್‌ಬರ್ಗಿಗೆ, 1902ರಲ್ಲಿ ಕರಾವಳಿಯ ಸದರ್ಲ್ಯಾಂಡ್ ಎಂಬ ಊರಿಗೆ ಸ್ಥಳಾಂತರಗೊಂಡು, ಅಲ್ಲಿ 1921ರಲ್ಲಿ ಬೆಂಕಿಗೆ ಕಟ್ಟಡಗಳನ್ನು ಕಳೆದುಕೊಂಡು, ಕೆಲಕಾಲ ಕ್ಲಿಯರ್‌ವಾಟರ್‌ನಲ್ಲಿ ಆಸರೆ ಪಡೆದು, 1922ರಲ್ಲಿ ಲೇಕ್‌ಲ್ಯಾಂಡಿಗೆ ಬಂದು ನಿಂತಿತು. ಇಂದಿನ ಹೆಸರು ಬಂದದ್ದು 1935ರಲ್ಲಿ. ಲೇಕ್‌ಲ್ಯಾಂಡಿನ ಮೊದಲ ಕಟ್ಟಡಗಳು ಅಂದಿನ ವಾಡಿಕೆಯ ಕೆಂಪು ಇಟ್ಟಿಗೆಯವು. ಅವು ಈಗಲೂ ಆವರಣದಲ್ಲಿವೆ, ಚೆನ್ನಾಗಿಯೂ ಇವೆ, ಆದರೆ ಅಂಥವು ಅಮೆರಿಕದ ಯಾವ ಕಾಲೇಜಿನಲ್ಲಾದರೂ ಕಾಣಸಿಗುತ್ತವೆ.

1925ರಲ್ಲಿ ಅಧ್ಯಕ್ಷಸ್ಥಾನಕ್ಕೆ ಬಂದು 1957ರವರೆಗೆ ಅದೇ ಸ್ಥಾನದಲ್ಲಿದ್ದ ಲಡ್ ಸ್ಪೈವಿ ಮೆಥಡಿಸ್ಟ್ ಪಾದ್ರಿ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಓದಿ, ಮಾಡುತ್ತಲೇ ಕಲಿಯಬೇಕೆಂಬ ಜಾನ್ ಡ್ಯೂಯಿಯ ಶಿಕ್ಷಣತತ್ತ್ವವನ್ನು ಮೆಚ್ಚಿಕೊಂಡವನು. ಆರ್ಥಿಕ ಮಹಾಕುಸಿತ ಇನ್ನೂ ಹಿಡಿತ ಸಡಿಲಿಸಿರದ 1938ರಲ್ಲಿ, ಕೈಯಲ್ಲಿ ನಿಧಿಯಿಲ್ಲದಿದ್ದರೂ, ಅವನು ರೈಟನಿಗೆ ತಂತಿ ಕಳುಹಿಸಿ ಫ್ಲಾರಿಡಾದಲ್ಲಿ ಶಿಕ್ಷಣದ ಒಂದು ಮಹಾ ದೇಗುಲವನ್ನು ಕಟ್ಟುವ ಬಗ್ಗೆ ಮಾತುಕತೆಗೆ ಅವಕಾಶ ಕೇಳಿದನು. ಬಳಿಕ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದ ರೈಟನ ಮನೆ ಮತ್ತು ಕಾರ್ಯಶಾಲೆಯಾದ ಟ್ಯಾಲಿಯೆಸಿನ್‌ಗೆ ಹೋಗಿ ಅವನನ್ನು ಒಪ್ಪಿಸಿದನು. ರೈಟನಿಗೆ ಆಗ ಎಪ್ಪತ್ತು ವರ್ಷ. ಪೆನ್ಸಿಲ್ವೇನಿಯದ ಜಲಪಾತದ ಮೇಲೆ ಅವನು ಕಟ್ಟಿದ ಫಾಲಿಂಗ್‌ವಾಟರ್ ಮನೆ ಆಗಷ್ಟೇ ಲೋಕಪ್ರಸಿದ್ಧವಾಗಿತ್ತು. ಅಷ್ಟು ದೊಡ್ಡ ಹೆಸರಿನವನು ಬಡ ಕಾಲೇಜೊಂದರ ಕರೆಗೆ ಓಗೊಟ್ಟದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ: ಬಿಡಿ ಕಟ್ಟಡಗಳನ್ನಲ್ಲದೆ ಇಡೀ ಒಂದು ಊರಿನಂಥ ರಚನೆಯನ್ನು ತನ್ನ ತತ್ತ್ವದಂತೆ ರೂಪಿಸುವ ಅವಕಾಶ ಅವನಿಗೆ ಅದುವರೆಗೆ ವಿರಳವಾಗಿ ಒದಗಿತ್ತು. ಹಣ ಕೂಡಿಸುವ ಹೊಣೆ ಸ್ಪೈವಿಯದಾಯಿತು; ದಾನಿಯಿಂದ ದಾನಿಗೆ ಅಲೆದ ಅವನ ಶ್ರಮ ಮುಂದಿನ ಎರಡು ದಶಕಗಳ ಉದ್ದಕ್ಕೂ ನಡೆಯಿತು. ಇಂದು ಆ ಕಟ್ಟಡಗಳ ಮೇಲಿರುವ ಹೆಸರುಗಳಲ್ಲಿ ಹೆಚ್ಚಿನವು ಆ ದಾನಿಗಳ ಹೆಸರುಗಳೇ.

ನಿವೇಶನವು ಸರೋವರದ ಕಡೆಗೆ ಇಳಿಯುವ ಕಿತ್ತಳೆ ತೋಟವಾಗಿತ್ತು. ಅಮೆರಿಕದ ಹಳೆಯ ಕಾಲೇಜುಗಳು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಂದ ಬಂದ ಕ್ವಾಡ್ರ್ಯಾಂಗಲ್ ಪದ್ಧತಿಯನ್ನು, ಎಂದರೆ ನಡುವೆ ಹುಲ್ಲಿನ ಚೌಕಾಂಗಳ ಬಿಟ್ಟು ಅದರ ಸುತ್ತ ಕಟ್ಟಡಗಳನ್ನು ನಿಲ್ಲಿಸುವ ಕ್ರಮವನ್ನು, ಅನುಸರಿಸುತ್ತಿದ್ದವು. ರೈಟ್ ಅದನ್ನು ಕೈಬಿಟ್ಟು, ಇಳಿಜಾರನ್ನು ಸಮತಟ್ಟು ಮಾಡುವ ಬದಲು ನೆಲ ಇಳಿದಂತೆ ಕಟ್ಟಡಗಳನ್ನೂ ತಗ್ಗುತಗ್ಗಾಗಿ ಇಳಿಸಿ, ತೋಟದ ಮರಗಳ ನಡುವೆ ಅವುಗಳನ್ನು ಬೇರೆಬೇರೆ ಕೋನಗಳಲ್ಲಿ ಹರಡಿ, ಎಲ್ಲವನ್ನೂ ಮಾಡು ಹೊದಿಸಿದ ನಡೆದಾರಿಗಳಿಂದ ಪೋಣಿಸುವ ನಕ್ಷೆ ಬರೆದನು. ನೆಲದಿಂದ ಬೆಳಕಿನತ್ತ ಬೆಳೆದು ನಿಲ್ಲುವ ಕಟ್ಟಡಗಳಾಗಿ ಅವನು ಇವನ್ನು ಕಲ್ಪಿಸಿಕೊಂಡದ್ದರಿಂದ ಇಡೀ ಯೋಜನೆಗೆ 'ಸೂರ್ಯನ ಶಿಶು' ಎಂಬ ಹೆಸರು ನಿಂತಿತು.

ಈ ಕಟ್ಟಡಗಳನ್ನು ಅರಿಯಬೇಕಾದರೆ ಅವುಗಳ ಗೋಡೆಯನ್ನು ಹತ್ತಿರದಿಂದ ನೋಡಬೇಕು. ರೈಟ್ ಇಲ್ಲಿ ಬಳಸಿದ್ದು ಟೆಕ್ಸ್‌ಟೈಲ್ ಬ್ಲಾಕ್ ಎಂದು ತಾನೇ ಹೆಸರಿಟ್ಟ ವಿಧಾನವನ್ನು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮಿಲ್ಲರ್ಡ್ ಮನೆ, ಎನಿಸ್ ಮನೆಗಳಲ್ಲಿ ಅವನು ಅದನ್ನು ಮೊದಲು ಪ್ರಯೋಗಿಸಿದ್ದನು. ಹೆಸರು ನೇಕಾರಿಕೆಯಿಂದ ಬಂದದ್ದು, ಅದು ಬರಿಯ ಅಲಂಕಾರದ ಹೆಸರೂ ಅಲ್ಲ. ಮಗ್ಗದ ಮೇಲೆ ಹಾಸಿನ ನೂಲು ಉದ್ದಕ್ಕೆ ನಿಂತು ಹೊಕ್ಕಿನ ನೂಲು ಅಡ್ಡಕ್ಕೆ ಹಾಯುವಂತೆ, ಈ ಗೋಡೆಯೊಳಗೆ ಉಕ್ಕಿನ ಸರಳುಗಳು ಲಂಬವಾಗಿಯೂ ಅಡ್ಡವಾಗಿಯೂ ಹಾಯುತ್ತವೆ. ಸಾಮಾನ್ಯವಾಗಿ ಮೂರು ಅಡಿ ಉದ್ದ, ಒಂಬತ್ತು ಇಂಚು ಎತ್ತರವಿರುವ ಕಾಂಕ್ರೀಟ್ ಬ್ಲಾಕಿನ ನಾಲ್ಕೂ ಅಂಚುಗಳಲ್ಲಿ ಅರೆವೃತ್ತದ ತೋಡು ಇರುತ್ತದೆ. ಎರಡು ಬ್ಲಾಕುಗಳನ್ನು ಅಂಚಿಗೆ ಅಂಚು ಕೂಡಿಸಿದಾಗ ಎರಡು ಅರ್ಧ ತೋಡುಗಳು ಸೇರಿ ದುಂಡನೆಯ ಕೊಳವೆಯಾಗುತ್ತವೆ. ಆ ಕೊಳವೆಯಲ್ಲಿ ಸರಳನ್ನಿಟ್ಟು ತೆಳು ಗಾರೆಯನ್ನು ಸುರಿದರೆ ಬ್ಲಾಕುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹೊರಗಿನ ಸಾಲು ಒಂದು, ಒಳಗಿನ ಸಾಲು ಇನ್ನೊಂದು, ನಡುವೆ ಗಾಳಿಯಾಡುವ ತೆರಪು. ಇಟ್ಟಿಗೆ ಗೋಡೆಯಲ್ಲಿ ಗಾರೆಯ ಗೆರೆ ಕಣ್ಣಿಗೆ ಬೀಳುವಂತೆ ಇಲ್ಲಿ ಬೀಳುವುದಿಲ್ಲ, ಆದ್ದರಿಂದ ಗೋಡೆ ನಿಜಕ್ಕೂ ನೆಯ್ದ ಬಟ್ಟೆಯ ಹಾಗೆ ಒಂದೇ ಹರವಾಗಿ ಕಾಣುತ್ತದೆ.

ಬ್ಲಾಕಿನ ಮಿಶ್ರಣದಲ್ಲಿ ಸಿಮೆಂಟ್ ಮತ್ತು ಮರಳಿನ ಜೊತೆಗೆ ಕೊಕೀನಾ ಇತ್ತು. ಕೊಕೀನಾ ಎಂದರೆ ಸಮುದ್ರದ ಚಿಪ್ಪುಗಳು ಸಾವಿರಾರು ವರ್ಷಗಳಲ್ಲಿ ಒತ್ತಿ ಕೂಡಿ ಆದ, ಫ್ಲಾರಿಡಾ ತೀರದಲ್ಲಿ ಸಿಗುವ ಮೆದು ಸುಣ್ಣಕಲ್ಲು. ಕನ್ನಡ ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದನ್ನು ಬಲ್ಲವರಿಗೆ ಈ ವಸ್ತು ತೀರ ಅಪರಿಚಿತವಲ್ಲ. ಇಲ್ಲಿ ಅದನ್ನು ಸುಡದೆ ಪುಡಿಮಾಡಿ ಬೆರೆಸುತ್ತಿದ್ದರು. ಈ ಬೆರಕೆಯಿಂದಾಗಿ ಗೋಡೆಗೆ ಬರಿಯ ಕಾಂಕ್ರೀಟಿನ ಬೂದುಬಣ್ಣ ಬಾರದೆ ನಸುಹಳದಿ ಮರಳಿನ ಬಣ್ಣ ಬಂದಿತು. ಕೆಲವು ಬ್ಲಾಕುಗಳು ನಯವಾದವು, ಕೆಲವು ಉಬ್ಬುಚಿತ್ರದವು, ಇನ್ನು ಕೆಲವು ತೂತುಗಳುಳ್ಳವು. ಆ ತೂತುಗಳಲ್ಲಿ ಬಣ್ಣದ ಗಾಜಿನ ತುಂಡುಗಳನ್ನು ಕೂರಿಸಿದ್ದರಿಂದ ಹಗಲಿನಲ್ಲಿ ಒಳಗಿದ್ದವರಿಗೆ ಗೋಡೆಯೇ ಬಣ್ಣದ ಚುಕ್ಕಿಗಳಾಗಿ ಮಿನುಗುತ್ತದೆ, ಇರುಳಿನಲ್ಲಿ ದೀಪ ಹಚ್ಚಿದಾಗ ಅದೇ ಚುಕ್ಕಿಗಳು ಹೊರಗಿನವರಿಗೆ ಕಾಣುತ್ತವೆ.

ಕಲ್ಲು ಕೆತ್ತುವವರನ್ನು, ನುರಿತ ಗೌಂಡಿಗಳನ್ನು ಕೂಲಿಗೆ ಹಿಡಿಯಲು ಕಾಲೇಜಿಗೆ ಶಕ್ತಿಯಿರಲಿಲ್ಲ. ಬ್ಲಾಕಿನ ವಿಧಾನ ಸ್ಪೈವಿಗೆ ಒಪ್ಪಿಗೆಯಾದದ್ದು ಈ ಕಾರಣಕ್ಕೇ: ಅಚ್ಚು ಸರಿಯಾಗಿದ್ದರೆ ಕಟ್ಟಡ ಕೆಲಸದ ಗಂಧವಿಲ್ಲದ ಯುವಕನೂ ಕೆಲವು ದಿನಗಳ ಅಭ್ಯಾಸದಿಂದ ಬ್ಲಾಕು ಮಾಡಬಲ್ಲನು. ಹೀಗೆ ವಿದ್ಯಾರ್ಥಿಗಳು ತಮ್ಮ ದುಡಿಮೆಯನ್ನು ಶುಲ್ಕಕ್ಕೆ ವಜಾ ಹಾಕಿಸಿಕೊಳ್ಳುವ ಏರ್ಪಾಡು ಜಾರಿಗೆ ಬಂದು, ವಾರದ ಕೆಲವು ದಿನ ತರಗತಿ, ಕೆಲವು ದಿನ ಕಟ್ಟಡದ ಕೆಲಸ ಎಂಬ ಕ್ರಮ ನೆಲೆಗೊಂಡಿತು. ಮಿಶ್ರಣವನ್ನು ಬಹುಮಟ್ಟಿಗೆ ಒಣದಾಗಿ ಕಲೆಸಿ, ಅಚ್ಚಿಗೆ ತುಂಬಿ, ಗುದ್ದಿ ಗಟ್ಟಿಮಾಡಿ, ಕಳಚಿ, ಹದಕ್ಕೆ ಬರುವ ತನಕ ತೇವದಲ್ಲಿಟ್ಟು, ಆಮೇಲೆ ಹೊತ್ತು ಸಾಗಿಸಬೇಕು. ಒಂದು ಬ್ಲಾಕು ಗುದ್ದಿದವನ ಕೈಬಲದ ಮೇಲೆ ಗಟ್ಟಿಯಾಗುತ್ತಿತ್ತು, ಮತ್ತೊಂದು ಪೊಳ್ಳಾಗಿ ಉಳಿಯುತ್ತಿತ್ತು. ಬಡ ಮಕ್ಕಳಿಗೆ ಇದು ಓದುವ ದಾರಿಯಾಗಿತ್ತು ಎಂಬುದನ್ನು ಮರೆಯಬಾರದು. ಅವರಿಂದ ಅಗ್ಗದ ದುಡಿಮೆ ಪಡೆಯಲಾಯಿತೆಂಬ ಆಕ್ಷೇಪಕ್ಕೂ ಎಡೆಯಿದೆ, ಆದರೆ ಆ ವರ್ಷಗಳಲ್ಲಿ ಅವರ ಮುಂದಿದ್ದ ಬೇರೆ ದಾರಿ ಕಾಲೇಜನ್ನೇ ಬಿಡುವುದಾಗಿತ್ತು.

ಮೊದಲು ಮೇಲೆದ್ದದ್ದು ಆ್ಯನಿ ಫೈಫರ್ ಪ್ರಾರ್ಥನಾಮಂದಿರ. 1938ರಲ್ಲಿ ಗುದ್ದಲಿ ಪೂಜೆಯಾಗಿ, ಸುಮಾರು ಮೂರು ವರ್ಷಗಳ ಬಳಿಕ 1941ರ ಮಾರ್ಚ್‌ನಲ್ಲಿ ಇದನ್ನು ಸಮರ್ಪಿಸಲಾಯಿತು. ಚರ್ಚಿನ ರೂಢಿಯ ಚೂಪು ಶಿಖರ ಇಲ್ಲಿಲ್ಲ. ಬದಲಿಗೆ ನಡುಭಾಗದ ಮೇಲೆ 65 ಅಡಿ ಎತ್ತರದ ತೆರೆದ ಗೋಪುರವಿದೆ, ಅದರೊಳಗೆ ಕಬ್ಬಿಣದ ಪಟ್ಟಿಗಳು ಓರೆಯಾಗಿ ಜೋಡಿಸಿಕೊಂಡಿವೆ. ವಿದ್ಯಾರ್ಥಿಗಳ ತಲೆಮಾರುಗಳು ಅದನ್ನು ಸೈಕಲ್ ಸ್ಟ್ಯಾಂಡ್ ಎಂದು ಕರೆಯುತ್ತ ಬಂದಿವೆ, ಆ ಹೆಸರಿನಲ್ಲಿ ಸಲಿಗೆಯ ಪ್ರೀತಿಯಿದೆ. ಬಾಗಿಲಲ್ಲಿ ಮಾಡು ಎಷ್ಟು ತಗ್ಗಾಗಿದೆಯೆಂದರೆ ಒಳಬರುವವನು ತನಗರಿವಿಲ್ಲದೆ ತಲೆ ತಗ್ಗಿಸುತ್ತಾನೆ, ನಾಲ್ಕು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ತಲೆಯ ಮೇಲಿನ ಜಾಗ ಒಮ್ಮೆಲೇ ಮೇಲೇರಿ, ಗೋಪುರದ ಗಾಜಿನ ಮಾಡಿನಿಂದ ಬೆಳಕು ವೇದಿಕೆಯ ಮೇಲೆ ನೇರವಾಗಿ ಸುರಿಯುತ್ತಿರುತ್ತದೆ. ಇಕ್ಕಟ್ಟಿನಿಂದ ವಿಸ್ತಾರಕ್ಕೆ ಹೀಗೆ ಕರೆದೊಯ್ಯುವುದು ರೈಟ್ ತನ್ನ ಬಾಳಿನುದ್ದಕ್ಕೂ ಬಳಸಿದ ಉಪಾಯ. ಇಲ್ಲಿ ಅದು ಪ್ರಾರ್ಥನೆಯ ಭಾವಕ್ಕೆ ತಾನಾಗಿ ಹೊಂದಿಕೊಂಡಿರುವುದರಿಂದ ಈ ಆವರಣದ ಅತ್ಯುತ್ತಮ ಒಳಾಂಗಣ ಇದೇ ಎನ್ನಬೇಕು. 1944ರ ಚಂಡಮಾರುತ ಗೋಪುರಕ್ಕೆ ಹಾನಿ ಮಾಡಿದಾಗ ಅದನ್ನು ಮತ್ತೆ ಕಟ್ಟಿ ನಿಲ್ಲಿಸಬೇಕಾಯಿತು.

ಮಂದಿರದ ಹಿಂದೆಯೇ, 1940–41ರ ಸುಮಾರಿಗೆ, ಮೂರು ಸಣ್ಣ ಸೆಮಿನಾರ್ ಕಟ್ಟಡಗಳು ಬಂದವು. ಅವುಗಳ ನಡುವೆ ಬಿಟ್ಟಿದ್ದ ಅಂಗಳಗಳನ್ನು ಮುಂದೆ ಮುಚ್ಚಿ, ಮೂರನ್ನೂ ಒಂದಾಗಿಸಿ, ಕಚೇರಿಗಳಿಗೆ ಬಳಸಿಕೊಂಡದ್ದು ಮೂಲದ ಗಾಳಿಬೆಳಕಿಗೆ ನಷ್ಟವೇ ಸರಿ.

ಗ್ರಂಥಾಲಯದ ಕಥೆ ಬೇರೆ. ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿದ ಮೇಲೆ ಗಂಡುಮಕ್ಕಳು ಸೈನ್ಯಕ್ಕೆ ಹೋದರು, ಉಕ್ಕು ಸಿಗುವುದು ದುರ್ಲಭವಾಯಿತು, ದೇಶದಲ್ಲಿ ಎಷ್ಟೋ ಕಟ್ಟಡಗಳು ಅರ್ಧಕ್ಕೆ ನಿಂತವು. ಲೇಕ್‌ಲ್ಯಾಂಡಿನಲ್ಲಿ ಕೆಲಸ ನಿಲ್ಲಲಿಲ್ಲ, ಏಕೆಂದರೆ ಅಚ್ಚುಗಳನ್ನು ಕಾಲೇಜಿನ ವಿದ್ಯಾರ್ಥಿನಿಯರು ಕೈಗೆತ್ತಿಕೊಂಡರು. ಕಾಂಕ್ರೀಟ್ ಕಲೆಸುವುದು, ಬ್ಲಾಕು ಗುದ್ದುವುದು, ತಳ್ಳುಗಾಡಿಯಲ್ಲಿ ಸಾಗಿಸುವುದು ಹೆಂಗಸರ ಕೆಲಸವಲ್ಲವೆಂದು ಲೋಕ ನಂಬಿದ್ದ ಕಾಲದಲ್ಲಿ ಇ. ಟಿ. ರೂ ಗ್ರಂಥಾಲಯ ಬಹುಪಾಲು ಅವರ ಕೈಯಿಂದ ಮೇಲೆದ್ದು 1945ರಲ್ಲಿ ಮುಗಿಯಿತು. ಅದರ ಮುಖ್ಯ ಭಾಗ ದುಂಡಾಕಾರದ ವಾಚನಾಲಯ. ಗೋಡೆಯ ಮೇಲುಗಡೆ ಸುತ್ತಲೂ ಬಿಟ್ಟಿರುವ ಕಿಟಕಿಗಳಿಂದ ಬೆಳಕು ಒಳಗೆ ಇಳಿಯುತ್ತದೆ, ಓದುವವರ ಕಣ್ಣಿಗೆ ಕುಕ್ಕುವುದಿಲ್ಲ. ಪುಸ್ತಕಗಳು ಹೆಚ್ಚಿ ಜಾಗ ಸಾಲದಾದಾಗ ರೈಟನ ಶಿಷ್ಯ ನಿಲ್ಸ್ ಷ್ವೈಟ್ಸರ್ ಬೇರೊಂದು ಗ್ರಂಥಾಲಯವನ್ನು ರೂಪಿಸಿದನು. 1968ರಲ್ಲಿ ರೂ ಹೆಸರು ಆ ಹೊಸ ಕಟ್ಟಡಕ್ಕೆ ಹೋಯಿತು, ಹಳೆಯದು ಥ್ಯಾಡ್ ಬಕ್ನರ್ ಕಟ್ಟಡವೆನಿಸಿತು. ಹೆಸರು ಬದಲಾದರೂ ಆ ಗೋಡೆಯನ್ನು ಕಟ್ಟಿದ ವಿದ್ಯಾರ್ಥಿನಿಯರ ನೆನಪನ್ನು ಕಾಲೇಜು ಇಂದಿಗೂ ಗೌರವದಿಂದ ಹೇಳಿಕೊಳ್ಳುತ್ತದೆ. ಅದು ನ್ಯಾಯವಾದ ಗೌರವ.

ಯುದ್ಧ ಮುಗಿದ ಮೇಲೆ ಎಮಿಲ್ ವಾಟ್ಸನ್ ಮತ್ತು ಬೆಂಜಮಿನ್ ಫೈನ್ ಹೆಸರಿನ ಜೋಡಿ ಆಡಳಿತ ಕಟ್ಟಡಗಳು ಎದ್ದವು. ಇವುಗಳ ನಡುವಿನ ಅಂಗಳದಲ್ಲಿ ಕೊಳವಿದೆ. ಅದೇ ಅವಧಿಯಲ್ಲಿ, 1948ರಲ್ಲಿ, ಆವರಣದ ನಟ್ಟನಡುವೆ 160 ಅಡಿ ವ್ಯಾಸದ ದುಂಡು ಕೊಳವೊಂದನ್ನು ಕಟ್ಟಲಾಯಿತು. ರೈಟನ ಕಲ್ಪನೆಯಲ್ಲಿ ಅದು ಬರಿಯ ಕೊಳವಲ್ಲ. ಅಂಚಿನ ಸುತ್ತಲಿಂದ ನೀರಿನ ಚಿಲುಮೆಗಳು ಒಳಮುಖವಾಗಿ ಚಿಮ್ಮಿ, ಮೇಲೆ ಕೂಡಿ, ನೀರಿನದೇ ಒಂದು ಗುಮ್ಮಟವಾಗಬೇಕಿತ್ತು. ಆ ಕಾಲದ ಪಂಪುಗಳ ಒತ್ತಡಕ್ಕೆ ಅಷ್ಟು ಎತ್ತರ ನಿಲುಕಲಿಲ್ಲ. 1960ರ ದಶಕದಲ್ಲಿ ಕೊಳದ ಹೆಚ್ಚಿನ ಭಾಗಕ್ಕೆ ಕಾಂಕ್ರೀಟ್ ಹಾಸಿ, ಮೂರು ಸಣ್ಣ ಹೊಂಡಗಳನ್ನಷ್ಟೇ ಉಳಿಸಲಾಯಿತು. ನಾಲ್ಕು ದಶಕ ವಿದ್ಯಾರ್ಥಿಗಳು ಆ ಹಾಸಿನ ಮೇಲೆಯೇ ನಡೆದಾಡಿದರು. 2007ರಲ್ಲಿ ಹಾಸನ್ನು ಕಿತ್ತು, ಕೊಳವನ್ನು ಮೂಲದ ಅಳತೆಗೆ ತಂದು, ಹೊಸ ಪಂಪುಗಳನ್ನು ಜೋಡಿಸಿದಾಗ ನೀರು ಸುಮಾರು 45 ಅಡಿ ಎತ್ತರಕ್ಕೆ ಚಿಮ್ಮಿ, ರೈಟ್ ತೀರಿಕೊಂಡು 48 ವರ್ಷಗಳ ಬಳಿಕ ಅವನ ನೀರಿನ ಗುಮ್ಮಟ ಅವನು ಬಯಸಿದ ಆಕಾರಕ್ಕೆ ಬಂದಿತು.

ಈ ಎಲ್ಲ ಕಟ್ಟಡಗಳನ್ನು ಒಂದಾಗಿಸುವವು ಎಸ್ಪ್ಲನೇಡ್ ಎಂದು ಕರೆಯಲಾಗುವ, ಮಾಡು ಹೊದಿಸಿದ ನಡೆದಾರಿಗಳು. ಒಟ್ಟು ಉದ್ದ ಸುಮಾರು ಒಂದೂವರೆ ಮೈಲಿ. ಬಿಸಿಲೂ ಮಳೆಯೂ ಬಿರುಸಾದ ಫ್ಲಾರಿಡಾದಲ್ಲಿ ತರಗತಿಯಿಂದ ತರಗತಿಗೆ ನೆನೆಯದೆ, ಬೇಯದೆ ಹೋಗಲು ಇವು ಅನುಕೂಲ. ಆದರೆ ಅವುಗಳ ಹಿರಿಮೆ ಅನುಕೂಲಕ್ಕೆ ಮುಗಿಯುವುದಿಲ್ಲ. ಕಂಬಗಳು ಬುಡದಿಂದ ಮೇಲಕ್ಕೆ ಅಗಲವಾಗುತ್ತ ಹೋಗಿ ಕೊಂಬೆ ಚಾಚಿದ ಕಿತ್ತಳೆ ಮರವನ್ನು ನೆನಪಿಸುತ್ತವೆ, ಮಾಡು ಅವುಗಳ ಆಚೆಗೂ ಚಾಚಿಕೊಂಡಿದೆ, ಸಾಲುಮರಗಳ ನೆರಳಲ್ಲಿ ನಡೆದಂಥ ಅನುಭವ ಉಂಟಾಗುತ್ತದೆ. ತೋಟದ ಮರಗಳಲ್ಲಿ ಹೆಚ್ಚಿನವು ಇಂದು ಇಲ್ಲ. ಇಲ್ಲಿ ಒಂದು ಕಾಲಕ್ಕೆ ಏನಿತ್ತೆಂಬುದನ್ನು ಕಂಬಗಳ ಸಾಲೇ ಹೇಳಬೇಕಾಗಿದೆ.

1952ರ ಲೂಷಿಯಸ್ ಆರ್ಡ್‌ವೇ ಕಟ್ಟಡ ಕೈಗಾರಿಕಾ ಕಲೆಗಳ ಕಲಿಕೆಗೆಂದು ಕಟ್ಟಿದ್ದು. ಒಳಗೆ ಅಂಗಳಗಳೂ ಸುತ್ತಲೂ ಪ್ರೇಕ್ಷಕರು ಕೂರುವಂಥ ದುಂಡು ರಂಗಮಂದಿರವೂ ಇವೆ. 1955ರ ಡ್ಯಾನ್‌ಫೋರ್ತ್ ಪ್ರಾರ್ಥನಾಮಂದಿರ ಫೈಫರ್ ಮಂದಿರದ ಪಕ್ಕದಲ್ಲೇ ನಿಂತಿರುವ ಪುಟ್ಟ ಕಟ್ಟಡ. ಅದರ ವೇದಿಕೆಯ ಹಿಂದೆ ಹಡಗಿನ ಮೂತಿಯಂತೆ ಮುಂಚಾಚಿದ, ಸೀಸದ ಪಟ್ಟಿಗಳಲ್ಲಿ ಬಣ್ಣದ ಗಾಜು ಕೂರಿಸಿದ ಎತ್ತರದ ಕಿಟಕಿಯಿದೆ. ಇದರ ಬೆಂಚುಗಳನ್ನು ಕೈಗಾರಿಕಾ ಕಲೆಯ ವಿದ್ಯಾರ್ಥಿಗಳು, ಮೆತ್ತೆಗಳನ್ನು ಗೃಹವಿಜ್ಞಾನದ ವಿದ್ಯಾರ್ಥಿಗಳು ತಯಾರಿಸಿಕೊಟ್ಟರು. 1958ರಲ್ಲಿ ಪೂರ್ಣಗೊಂಡ ಪೋಕ್ ಕೌಂಟಿ ವಿಜ್ಞಾನ ಕಟ್ಟಡ ಉದ್ದನೆಯದು, ಪ್ರಯೋಗಾಲಯಗಳಿಂದ ತುಂಬಿದ್ದು. ರೈಟನ ವಿನ್ಯಾಸದಂತೆ ಕಟ್ಟಲ್ಪಟ್ಟ ಏಕೈಕ ತಾರಾಲಯ ಇದರಲ್ಲಿದೆ. 1959ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡನು. ಸ್ಪೈವಿ ಅದಕ್ಕೆ ಎರಡು ವರ್ಷ ಮೊದಲೇ ಅಧಿಕಾರ ಬಿಟ್ಟಿದ್ದನು. ಸರೋವರದ ದಡಕ್ಕೆ ಯೋಜಿಸಿದ್ದ ಬಯಲು ರಂಗಮಂದಿರವೂ ಸೇರಿದಂತೆ ಉಳಿದವು ಕಾಗದದ ಮೇಲೆಯೇ ನಿಂತವು.

ಗೋಡೆಗಳು ಅಷ್ಟರಲ್ಲೇ ತೊಂದರೆ ತೋರಿಸತೊಡಗಿದ್ದವು. ಒಣದಾಗಿ ಕಲೆಸಿ ಕೈಯಿಂದ ಗುದ್ದಿದ ಬ್ಲಾಕು ನೀರು ಹೀರುತ್ತದೆ. ಚಿಪ್ಪಿನ ಪುಡಿ ಬೆರೆತ ಮಿಶ್ರಣದಲ್ಲಿ ಸೂಕ್ಷ್ಮ ರಂಧ್ರಗಳು ಹೆಚ್ಚು. ಫ್ಲಾರಿಡಾದ ಗಾಳಿ ವರ್ಷದ ಬಹುಕಾಲ ತೇವದಿಂದ ಕೂಡಿದ್ದು. ಹೀರಿದ ನೀರು ಗೋಡೆಯೊಳಗಿನ ಸರಳನ್ನು ಮುಟ್ಟಿದಾಗ ಅದು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲದ ಉಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಸರಳು ಒಳಗಿನಿಂದಲೇ ಬ್ಲಾಕನ್ನು ಒತ್ತಿ ಸೀಳುತ್ತದೆ. ಹಾಸುಹೊಕ್ಕಾಗಿ ಗೋಡೆಯನ್ನು ಹಿಡಿದಿಟ್ಟ ಉಕ್ಕೇ ಗೋಡೆಯನ್ನು ಒಡೆಯಿತು. ಕ್ಯಾಲಿಫೋರ್ನಿಯದ ಎನಿಸ್ ಮನೆಯ ಬ್ಲಾಕುಗಳೂ ಕಾಲಕ್ರಮದಲ್ಲಿ ಹೀಗೆಯೇ ಜರ್ಜರಿತವಾದವು, ಅವನ್ನು ವಿದ್ಯಾರ್ಥಿಗಳು ಮಾಡಿರಲಿಲ್ಲ. ಆದ್ದರಿಂದ ಲೇಕ್‌ಲ್ಯಾಂಡಿನ ದೋಷವನ್ನೆಲ್ಲ ಪಳಗದ ಕೈಗಳ ಮೇಲೆ ಹೊರಿಸುವುದು ತಪ್ಪು. ವಿಧಾನದೊಳಗೇ ಆ ಅಪಾಯವಿತ್ತು. ಅಚ್ಚಿನಿಂದ ಅಚ್ಚಿಗೆ ಗಟ್ಟಿತನ ಬದಲಾಗುತ್ತಿದ್ದುದು ಅದನ್ನು ಹೆಚ್ಚಿಸಿತು.

ಆವರಣ 1975ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಗೋಡೆ ದುರಸ್ತಿಯಾಗುವುದಿಲ್ಲ. ಅಪಾಯದ ಅಂಚಿನಲ್ಲಿರುವ ಪರಂಪರೆಯ ತಾಣಗಳತ್ತ ಲೋಕದ ಗಮನ ಸೆಳೆಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2008ರ ಪಟ್ಟಿಯಲ್ಲಿ ಇದನ್ನು ಹೆಸರಿಸಿತು. 2012ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ, ಆ ದೇಶದಲ್ಲಿ ಇಂಥ ಸ್ಥಳಕ್ಕೆ ಸಲ್ಲುವ ಅತ್ಯುನ್ನತ ಮನ್ನಣೆ ದೊರೆಯಿತು. ದುರಸ್ತಿಯ ನಿಜವಾದ ತೊಡಕು ಬಗೆಬಗೆಯ ಆಕಾರಗಳ ಬ್ಲಾಕುಗಳಿಗೆ ಹೊಸ ಅಚ್ಚು ಮಾಡುವುದರಲ್ಲಿತ್ತು. ಮರದ ಅಚ್ಚನ್ನು ಕೈಯಿಂದ ಕೆತ್ತಲು ಆಗುವ ಕಾಲ, ವೆಚ್ಚಗಳೆರಡೂ ಕಾಲೇಜಿಗೆ ಭಾರ. ಫೈಫರ್ ಮಂದಿರದ ಬ್ಲಾಕುಗಳನ್ನು ಬದಲಿಸುವಾಗ ವಾಸ್ತುಶಿಲ್ಪಿಗಳು ಹಳೆಯ ಆಕಾರಗಳನ್ನು ಗಣಕಯಂತ್ರದಲ್ಲಿ ರೂಪಿಸಿ, ಮೂರು ಆಯಾಮದ ಮುದ್ರಣದಿಂದ, ಎಂದರೆ ಪದರದ ಮೇಲೆ ಪದರವಾಗಿ ವಸ್ತುವನ್ನು ಬೆಳೆಸುವ ಯಂತ್ರದಿಂದ, ಅಚ್ಚುಗಳನ್ನು ತಯಾರಿಸಿಕೊಂಡರು.

ಇತ್ತೀಚಿನ ದಶಕಗಳ ವಿದ್ಯಾರ್ಥಿನಿಲಯಗಳು, ತರಗತಿ ಕಟ್ಟಡಗಳಲ್ಲಿ ಕೆಲವನ್ನು ರಾಬರ್ಟ್ ಸ್ಟರ್ನ್ ಎಂಬ ಹೆಸರಾಂತ ವಾಸ್ತುಶಿಲ್ಪಿ ವಿನ್ಯಾಸಗೊಳಿಸಿದ್ದಾನೆ. ರೈಟನೊಡನೆ ಸ್ಪರ್ಧೆಗಿಳಿಯದೆ ಪಕ್ಕದಲ್ಲಿ ಸಭ್ಯವಾಗಿ ನಿಲ್ಲುವ ಕಟ್ಟಡಗಳವು. ಹೆಚ್ಚು ಗಮನಿಸಬೇಕಾದದ್ದು 2013ರಲ್ಲಿ ಮುಗಿದ ಒಂದು ಸಣ್ಣ ಮನೆ. ಅಧ್ಯಾಪಕರ ವಸತಿಗೆಂದು ರೈಟ್ 1939ರಲ್ಲಿ ಮನೆಗಳ ನಕ್ಷೆ ಬರೆದಿದ್ದನು. ಸಾಮಾನ್ಯ ಆದಾಯದವರಿಗಾಗಿ ಅವನು ರೂಪಿಸಿದ, ಯುಸೋನಿಯನ್ ಎಂದು ಕರೆದ, ಒಂದೇ ಅಂತಸ್ತಿನ ಸರಳ ಮನೆಗಳ ಜಾತಿಯವು. ಒಂದೂ ಕಟ್ಟಲ್ಪಡಲಿಲ್ಲ. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಕಾಲೇಜು ಅದೇ ನಕ್ಷೆಗಳನ್ನು ತೆಗೆದು, ಸುಮಾರು 2,000 ಬ್ಲಾಕುಗಳನ್ನು ಅಚ್ಚು ಹಾಕಿಸಿ, ಅವುಗಳ ತೂತುಗಳಲ್ಲಿ ಸುಮಾರು 6,000 ಬಣ್ಣದ ಗಾಜಿನ ತುಂಡುಗಳನ್ನು ಒಂದೊಂದಾಗಿ ಕೂರಿಸಿ, ಒಂದು ಮನೆಯನ್ನು ನಿಲ್ಲಿಸಿತು. ಅದರಲ್ಲಿ ಯಾವ ಅಧ್ಯಾಪಕರೂ ವಾಸಿಸುವುದಿಲ್ಲ. ಆವರಣವನ್ನು ನೋಡಲು ಬರುವವರು ಅಲ್ಲಿಂದ ಹೊರಟು, ಎಸ್ಪ್ಲನೇಡಿನ ತಗ್ಗು ಮಾಡಿನ ಕೆಳಗೆ ನಡೆದು, ವಿದ್ಯಾರ್ಥಿನಿಯರು ಗುದ್ದಿದ ಬ್ಲಾಕುಗಳ ದುಂಡು ವಾಚನಾಲಯದ ಕಡೆಗೆ ಸಾಗುತ್ತಾರೆ.